ಹೆಪ್ಪು ಕೇಳಿದ ಉಪಾಧ್ಯಾಯ

“ಗುರುಗಳೇ, ಪರದೇಶದಲ್ಲಿ ಯಾರಿಗೂ ಹೊರೆಯಾಗದೆ ಬದುಕುವುದು ಹೇಗೆ?”

ಕೇಳಿದವನು ಶಂಭುಲಿಂಗ. ಆಶ್ರಮದಲ್ಲಿ ಏಳು ವರ್ಷ ಇದ್ದು ಓದಿದವನು. ಸಮುದ್ರದಾಚೆಯ ಒಂದು ದೇಶದಲ್ಲಿ ಸಂಬಳವಿಲ್ಲದೆ ಮಕ್ಕಳಿಗೆ ಪಾಠ ಹೇಳಲು ಒಪ್ಪಿಕೊಂಡಿದ್ದ. ಹೊರಡಲು ಇನ್ನು ನಾಲ್ಕೇ ದಿನ ಉಳಿದಿತ್ತು. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಉಪಾಧ್ಯಾಯನಿದ್ದ. ಪಾಠ ಹೇಳುವುದರಲ್ಲಿ ಗಟ್ಟಿಗ. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನು. ಬೆಟ್ಟಗಳಾಚೆಯ ಪರದೇಶದಲ್ಲಿ ಒಂದು ಊರಿದೆ, ಶಾಲೆಯ ಕೋಣೆ ಇದೆ, ಮಕ್ಕಳಿದ್ದಾರೆ, ಕಲಿಸುವವರಿಲ್ಲ ಎಂದು ಯಾರೋ ಹೇಳಿದರು. ನಾನು ಹೋಗುತ್ತೇನೆ ಎಂದ. ಸಂಬಳ ಬೇಡ ಎಂದ. ಅಲ್ಲಿಯ ಭಾಷೆಯನ್ನು ಒಂದು ವರ್ಷ ಕೂತು ಕಲಿತ. ಕೊಡುವುದಕ್ಕೆ ಹೋಗುವವನು ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಅವನ ಹಟ.

ಹಟ ಅಂದರೆ ಅಂಥಿಂಥ ಹಟವಲ್ಲ. ಸೂಜಿ, ದಾರ, ಕತ್ತರಿ, ಕಂದೀಲು, ಒಂದು ವರ್ಷಕ್ಕಾಗುವ ಅಕ್ಕಿ, ಉಪ್ಪು, ಚಪ್ಪಲಿ ಹೊಲಿಯುವ ದಬ್ಬಳ, ಎಲ್ಲವನ್ನೂ ಕಟ್ಟಿಕೊಂಡ. ಹಾಲಿಗಾಗಿ ಯಾರ ಬಾಗಿಲಲ್ಲೂ ನಿಲ್ಲಬಾರದೆಂದು ಗಡಿಯ ಸಂತೆಯಲ್ಲಿ ಒಂದು ಮೇಕೆ ಕೊಂಡ. ಹೆಪ್ಪಿಗೂ ಯಾರನ್ನೂ ಕೇಳಬಾರದು ನೋಡು, ಅದಕ್ಕೆ ಒಣಮೆಣಸಿನಕಾಯಿ ತೊಟ್ಟಿನ ಒಂದು ಪೊಟ್ಟಣ. ಹಾಲಿಗೆ ತೊಟ್ಟು ಹಾಕಿಟ್ಟರೆ ಮೊಸರಾಗುತ್ತದೆಂದು ಅವನ ತಾಯಿ ಹೇಳಿದ್ದಳು. ಹೀಗೆ ಸಂಸಾರವನ್ನೆಲ್ಲ ಸರಕಿನ ಹೇಸರಗತ್ತೆಗಳ ಮೇಲೆ ಹೇರಿಕೊಂಡು, ಮೇಕೆಯನ್ನು ಮುಂದೆ ಬಿಟ್ಟುಕೊಂಡು, ಹಿಮ ಕರಗುವ ಕಾಲಕ್ಕೆ ಘಟ್ಟ ಹತ್ತಿದ.

ಆ ಊರಿನಲ್ಲಿ ಇಪ್ಪತ್ತೆಂಟು ಮನೆಗಳು. ಶಾಲೆಯ ಹಿಂದಿನ ಕೋಣೆಯಲ್ಲಿ ಅವನ ವಾಸ. ನೀರಿಗೆ ಹೋದರೆ ಹೆಂಗಸರು, “ಏನಾದರೂ ಬೇಕೇ?” ಎಂದು ಕೇಳುತ್ತಿದ್ದರು. “ಎಲ್ಲ ಇದೆ, ಏನೂ ಬೇಡ” ಎನ್ನುತ್ತಿದ್ದ. ಗಂಡಸರು ಕೇಳಿದರೂ ಅದೇ ಉತ್ತರ. ಒಂದು ತಿಂಗಳಾದ ಮೇಲೆ ಯಾರೂ ಕೇಳಲಿಲ್ಲ. ಪರವಾಗಿಲ್ಲ, ಜನ ನನ್ನನ್ನು ಅರ್ಥ ಮಾಡಿಕೊಂಡರು ಎಂದು ಅವನು ಖುಷಿಪಟ್ಟ.

ಮೊದಲ ದಿನ ಮೂವತ್ತೊಂದು ಮಕ್ಕಳು ಬಂದಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಹದಿನೆಂಟಾದರು. ಆಮೇಲೆ ಒಂಬತ್ತು. ಉಪಾಧ್ಯಾಯ ಇನ್ನೂ ಚೆನ್ನಾಗಿ ಪಾಠ ಮಾಡಿದ. ಚಿತ್ರ ಬರೆದು ತೋರಿಸಿದ, ಹಾಡು ಕಟ್ಟಿದ, ಮಗ್ಗಿಯನ್ನು ಕುಣಿದು ಹೇಳಿಕೊಟ್ಟ. ಇದ್ದ ಮಕ್ಕಳು ನಕ್ಕರು, ಕಲಿತರು, ಮಾರನೆಯ ವಾರ ಅವರೂ ಬರಲಿಲ್ಲ. ಬಾರ್ಲಿಯ ಕೊಯ್ಲು ಮುಗಿಯುವ ಹೊತ್ತಿಗೆ ಒಬ್ಬಳೇ ಒಬ್ಬಳು ಉಳಿದಳು. ಎದುರು ಮನೆಯ ಮುದುಕಿಯ ಮೊಮ್ಮಗಳು. ಒಂದು ಬೆಳಗ್ಗೆ ಅವಳ ಜಾಗವೂ ಖಾಲಿಯಾಗಿತ್ತು.

ಆ ದಿನವೇ ಊರಿನ ಹಿರಿಯ ಬಂದ. ಮರ್ಯಾದೆಯಿಂದಲೇ ಹೇಳಿದ. ಇನ್ನು ಹನ್ನೆರಡು ದಿನಕ್ಕೆ ಸರಕಿನ ಹೇಸರಗತ್ತೆಗಳು ಘಟ್ಟ ಇಳಿಯುತ್ತವೆ, ಆಮೇಲೆ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಅಷ್ಟರೊಳಗೆ ಮಕ್ಕಳು ಬಾರದಿದ್ದರೆ ನೀವೂ ಅವುಗಳ ಜೊತೆ ಇಳಿದುಬಿಡಿ, ಚಳಿಗಾಲಕ್ಕೆ ಉಣ್ಣೆ ಇಡಲು ನಮಗೆ ಕೋಣೆ ಬೇಕು ಎಂದ. ಹಿರಿಯ ಹೋದ ಮೇಲೆ ಉಪಾಧ್ಯಾಯನಿಗೆ ಅಳುವೇ ಬಂತು. ಕಲಿಸಲು ಬರುತ್ತದೆ, ಕಲಿಸುವ ಮನಸ್ಸಿದೆ, ಕಲಿಯುವ ಮಕ್ಕಳು ಕಣ್ಣೆದುರಿಗೇ ಓಡಾಡುತ್ತಿದ್ದಾರೆ. ಆದರೂ ಸೋತು ಇಳಿಯಬೇಕು. ಯಾಕೆ ಸೋತೆ ಎಂಬುದೂ ಅವನಿಗೆ ಗೊತ್ತಿಲ್ಲ.

ತಡೆಯಲಾರದೆ ಎದುರು ಮನೆಗೆ ಹೋದ. ಮುದುಕಿ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದಳು.

“ಅಜ್ಜಿ, ನನ್ನ ಪಾಠದಲ್ಲಿ ಏನು ತಪ್ಪಿದೆ?”

“ಪಾಠದಲ್ಲಿ ಏನು ತಪ್ಪು? ಹುಡುಗಿ ನಿದ್ದೆಯಲ್ಲೂ ನಿನ್ನ ಮಗ್ಗಿ ಹೇಳುತ್ತಾಳೆ. ನೀನು ಯಾವತ್ತು ಹೊರಡುತ್ತೀಯ, ಅದು ಹೇಳು.”

“ನಾನು ಹೊರಡುತ್ತೇನೆಂದು ಯಾರು ಹೇಳಿದರು?”

“ಹೇಳಬೇಕೇ? ಐದು ತಿಂಗಳಾಯಿತು, ಒಂದು ಮನೆಯಿಂದ ಒಂದು ಕಡ್ಡಿ ಕೇಳಿಲ್ಲ ನೀನು. ಘಟ್ಟದ ಮೇಲೆ ಹೋಗಿಬರುವ ದಾರಿಹೋಕರು ಹಾಗೆಯೇ, ತಮ್ಮ ಬುತ್ತಿ ತಾವೇ ಬಿಚ್ಚಿ ಉಣ್ಣುತ್ತಾರೆ, ಎದ್ದು ಹೋಗುತ್ತಾರೆ. ಇಲ್ಲಿ ಇರುವವರು ಕೇಳುತ್ತಾರೆ. ಕೇಳದವರಿಗೆ ನಾವು ಕೊಡುವುದಿಲ್ಲ, ಅದು ಅವಮಾನ. ನಿನಗಿಂತ ಮೊದಲೂ ಒಬ್ಬ ಮಾಸ್ತರ ಬಂದಿದ್ದ. ಅವನೂ ಏನೂ ಕೇಳಲಿಲ್ಲ, ಹಿಮ ಬೀಳುವ ಮೊದಲೇ ಹೊರಟುಹೋದ. ಈ ಹುಡುಗಿ ಅವನನ್ನು ಹಚ್ಚಿಕೊಂಡಿದ್ದಳು. ಹದಿನೈದು ದಿನ ನೆಟ್ಟಗೆ ಉಣ್ಣಲಿಲ್ಲ. ಇನ್ನೊಂದು ಸಲ ಅವಳು ಅಳುವುದನ್ನು ನಾನು ನೋಡಲಾರೆ, ತಮ್ಮಾ.”

ಉಪಾಧ್ಯಾಯನಿಗೆ ವಿಷಯ ತಿಳಿಯಿತು. ಅಷ್ಟೇನಾ, ಕೇಳಿದರಾಯಿತು ಎಂದುಕೊಂಡ. ಮನೆಗೆ ಬಂದು ಏನು ಕೇಳಲಿ ಎಂದು ಹುಡುಕಿದ. ಹುಡುಕಿದರೆ ಎಲ್ಲವೂ ಇದೆ! ಸೂಜಿ ಕೇಳೋಣವೆಂದರೆ ಹನ್ನೆರಡು ಸೂಜಿಗಳಿವೆ. ಕತ್ತರಿ ಕೇಳೋಣವೆಂದರೆ ಎರಡಿವೆ. ಕೊನೆಗೆ ಒಂದು ಬಟ್ಟಲು ಹಿಡಿದುಕೊಂಡು ಹೋಗಿ, “ಅಜ್ಜಿ, ಉಪ್ಪು ಮುಗಿದಿದೆ” ಎಂದ. ಮುದುಕಿ ಒಳಗೆ ಹೋಗಿ ಉಪ್ಪು ತಂದು ಬಟ್ಟಲು ತುಂಬಿಸಿದಳು. “ಇಟ್ಟುಕೊಂಡಿರು. ನಿನ್ನ ಜಂತಿಯಲ್ಲಿ ತೂಗುಹಾಕಿದ ಆ ಚೀಲ ಖಾಲಿಯಾದ ಮೇಲೆ ಬೇಕಾದೀತು” ಎಂದಳು. ಅವನ ಮುಖ ಇಷ್ಟಾಯಿತು. ಮಾರನೆಯ ದಿನವೂ ಶಾಲೆಗೆ ಯಾರೂ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ.

ಹೇಸರಗತ್ತೆಗಳು ಇಳಿಯಲು ಎರಡು ದಿನ ಉಳಿಯಿತು. ಉಪಾಧ್ಯಾಯ ಬೆಳಗಿನ ಊಟಕ್ಕೆ ಕೂತ. ಅನ್ನ, ಹಾಲು. ಐದು ತಿಂಗಳಿಂದ ಅದೇ ಅನ್ನ, ಅದೇ ಹಾಲು. ಆ ಚಳಿಯಲ್ಲಿ ಮೆಣಸಿನಕಾಯಿ ತೊಟ್ಟಿನ ಆಟ ನಡೆಯಲೇ ಇಲ್ಲ. ಇಟ್ಟ ಹಾಲು ಇಟ್ಟ ಹಾಗೆಯೇ ಇರುತ್ತಿತ್ತು, ಇಲ್ಲವೇ ನಾರುತ್ತಿತ್ತು. ಮೊಸರಿಲ್ಲದಿದ್ದರೆ ಏನಂತೆ ಎಂದು ದಿನಾ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಪಾಠದಲ್ಲಿ ಗಟ್ಟಿಗನಾದವನು ಒಂದು ಬಟ್ಟಲು ಮೊಸರು ಮಾಡಲಾರೆ ಎಂದು ಯಾರೆದುರಿಗೆ ಹೇಳುವುದು? ಆ ದಿನ ಮಾತ್ರ ತುತ್ತು ಬಾಯಿಗೆ ಹೋಗಲಿಲ್ಲ. ನನಗೆ ಮೊಸರು ಬೇಕು ಎಂದು ಅವನ ಇಡೀ ಜೀವ ಕೇಳಿತು.

ತಟ್ಟೆ ಸರಿಸಿ ಎದ್ದ. ಹಾಲಿನ ಪಾತ್ರೆ ಹಿಡಿದುಕೊಂಡು ಎದುರು ಮನೆಗೆ ನಡೆದ. ಅಂಗಳದಲ್ಲಿ ಮುದುಕಿಯ ಜೊತೆ ಇನ್ನೂ ನಾಲ್ಕು ಜನ ಹೆಂಗಸರು ಉಣ್ಣೆ ಬಿಡಿಸುತ್ತಿದ್ದರು. ಒಂದು ಗಳಿಗೆ ಹಿಂದೆ ಸರಿಯೋಣ ಅನ್ನಿಸಿತು. ಸರಿಯಲಿಲ್ಲ.

“ಅಜ್ಜಿ, ನಾನು ಮೊಸರು ಉಂಡು ಐದು ತಿಂಗಳಾಯಿತು. ನನ್ನ ಕೈಯಲ್ಲಿ ಹಾಲು ಹೆಪ್ಪುಗಟ್ಟುತ್ತಿಲ್ಲ. ಹೇಗೆ ಮಾಡಬೇಕೋ ನನಗೆ ತಿಳಿಯದು. ಒಂದು ಚಮಚ ಹೆಪ್ಪು ಕೊಡು, ಹೇಳಿಯೂ ಕೊಡು.”

ಹೆಂಗಸರು ನಕ್ಕರು. ಚೆನ್ನಾಗಿಯೇ ನಕ್ಕರು. ಮುದುಕಿ ಉಣ್ಣೆ ಬದಿಗಿಟ್ಟು ಎದ್ದಳು. ಹಾಲನ್ನು ಬೆರಳದ್ದಿ ನೋಡಿ, ಇದು ಸತ್ತ ಹಾಗೆ ತಣ್ಣಗಿದೆ, ಮೊಸರು ಎಲ್ಲಿಂದಾದೀತು ಎಂದು ಬೈದಳು. ಬೆಚ್ಚಗೆ ಮಾಡಿದಳು, ಹೆಪ್ಪು ಬೆರೆಸಿದಳು. ಈ ಸೀಮೆಯಲ್ಲಿ ಪಾತ್ರೆಯನ್ನು ಬಾರ್ಲಿಯ ಕಣಜದೊಳಗೆ ಹೂತಿಡಬೇಕು, ಕಾಳಿನ ಕಾವಿನಲ್ಲಿ ಹೆಪ್ಪುಗಟ್ಟುತ್ತದೆ ಎಂದು ತೋರಿಸಿದಳು. ಅವನ ಹತ್ತಿರ ಎಲ್ಲ ಇತ್ತು, ಕಣಜ ಇರಲಿಲ್ಲ. ನನ್ನ ಕಣಜದಲ್ಲೇ ಇಡು, ದಿನಾ ಸಂಜೆ ತಂದಿಡು ಎಂದಳು ಮುದುಕಿ. ಮಿಕ್ಕ ಹೆಂಗಸರು ಅಷ್ಟಕ್ಕೆ ಬಿಟ್ಟಾರೆಯೇ? ನಿನ್ನ ಮೇಕೆಗೆ ಚಳಿಗಾಲಕ್ಕೆ ಹುಲ್ಲೆಲ್ಲಿದೆ, ಹಾಸಿಗೆಯ ಕೆಳಗೆ ಹಾಸಲು ತುಪ್ಪಳವೆಲ್ಲಿದೆ ಎಂದು ಒಬ್ಬೊಬ್ಬಳು ಒಂದೊಂದು ಕೇಳಿದಳು. ಈ ಸಲ ಅವನು ಇಲ್ಲ ಎಂದ. ಎಲ್ಲದಕ್ಕೂ ಇಲ್ಲ ಎಂದ. ಕೊಡಿ ಎಂದ.

ಮಾರನೆಯ ಬೆಳಗ್ಗೆ ಮೊಮ್ಮಗಳು ಮೊಸರಿನ ಪಾತ್ರೆ ತಂದಳು. ಅದನ್ನು ಒಲೆಯ ಪಕ್ಕದಲ್ಲಿಟ್ಟು, ಹೋಗಿ ತನ್ನ ಜಾಗದಲ್ಲಿ ಕೂತಳು. ಮಧ್ಯಾಹ್ನಕ್ಕೆ ಏಳು ಮಕ್ಕಳಾದರು. ಸಂಜೆ ಒಬ್ಬ ಬಂದು ದಬ್ಬಳ ಕೇಳಿದ, ಇನ್ನೊಬ್ಬಳು ಕತ್ತರಿ ಕೇಳಿದಳು. ಅಲ್ಲಿಯವರೆಗೆ ಅವನ ಹತ್ತಿರ ಯಾರೂ ಏನೂ ಕೇಳಿರಲಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದದ್ದು.

ಹೇಸರಗತ್ತೆಗಳು ಘಟ್ಟ ಇಳಿದದ್ದನ್ನು ಉಪಾಧ್ಯಾಯ ನೋಡಲಿಲ್ಲ. ಆ ಹೊತ್ತಿಗೆ ಅವನು ಇಪ್ಪತ್ತಾರು ಮಕ್ಕಳಿಗೆ ಏಳರ ಮಗ್ಗಿ ಹೇಳಿಕೊಡುತ್ತಿದ್ದ. ಹನ್ನೊಂದು ವರ್ಷ ಆ ಊರಿನಲ್ಲಿದ್ದ. ದಿನಾ ಮೊಸರು ಉಂಡ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನ ಮುಖ ಅರಳಿತ್ತು.

“ಅರ್ಥವಾಯಿತು, ಗುರುಗಳೇ. ಅಲ್ಲಿಗೆ ಹೋದ ಕೂಡಲೇ ಕೇಳಲು ಕಲಿಯುತ್ತೇನೆ” ಎಂದ. ಆಮೇಲೆ ಕೊಂಚ ಹೆಮ್ಮೆಯಿಂದಲೇ ಸೇರಿಸಿದ: “ಇಲ್ಲಿ ಮಾತ್ರ, ಏಳು ವರ್ಷದಲ್ಲಿ ಯಾರ ಹತ್ತಿರವೂ ಒಂದು ಲೋಟ ಬಿಸಿನೀರು ಕೇಳುವ ಪ್ರಮೇಯವೂ ನನಗೆ ಬರಲಿಲ್ಲ.”

ಗುರುಗಳು ಕೇಳಿದರು:

“ಹಾಗಾದರೆ ಇಲ್ಲಿಗೇ ನೀನು ಇನ್ನೂ ಬಂದಿಲ್ಲವಲ್ಲಪ್ಪ, ಅಲ್ಲಿಗೆ ಎಲ್ಲಿಂದ ಹೊರಡುತ್ತೀಯ?”