ಬೋನಿನ ತಗಡು

ದೋಣಿಗಳಲ್ಲಿ ಬಂದಿಳಿದ ಬೆಕ್ಕುಗಳು ದ್ವೀಪದ ಇಲಿಗಳನ್ನು ತಿಂದು ತೇಗಿ, ಬೆರಳೆಣಿಕೆಯಷ್ಟೇ ಉಳಿಸಿದ್ದವು. ಆ ಇಲಿಗಳ ಸಂತತಿ ಅಳಿಯದಿರಲೆಂದು ದ್ವೀಪದ ಕಾವಲುಗಾರನೊಬ್ಬ ಗಬ್ಬದ ಇಲಿಯೊಂದನ್ನು ಬೋನಿನಲ್ಲಿ ಹಿಡಿದು, ಬೆಕ್ಕಿಲ್ಲದ ಪಕ್ಕದ ದ್ವೀಪಕ್ಕೆ ಒಯ್ದು ಬಾಗಿಲು ತೆಗೆದ. ಇಲಿ ಕದಲಲಿಲ್ಲ.

“ಹೊರಗೆ ನಡಿಯಮ್ಮ,” ಎಂದಿತು ಬೋನು.

“ಒಲ್ಲೆ. ಬೆಕ್ಕಿನ ಭಯವಿಲ್ಲದೆ ಕಣ್ಣುಮುಚ್ಚಿದ್ದು ನಿನ್ನೊಳಗೇ. ಇಲ್ಲೇ ಹೆರುತ್ತೇನೆ.”

“ಹೆರು, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳಿಗೆ ಬಿಲ ತೋಡುವುದನ್ನು ಎಲ್ಲಿ ಕಲಿಸುತ್ತೀ? ನನ್ನ ತಳ ತಗಡಿನದು.”

ಇಲಿ ತಗಡನ್ನು ಪರಪರ ಕೆರೆದು ನೋಡಿತು. ಸದ್ದು ಬಂತು, ಮಣ್ಣು ಬರಲಿಲ್ಲ. ಅದು ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ ಹೊರಗಿಳಿಯಿತು.

ಮರುವರ್ಷ ನೋಡಲು ಬಂದ ಕಾವಲುಗಾರ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಿಲದೊಳಗೆ ಕಾಲು ಸಿಕ್ಕಿ ಮುಗ್ಗರಿಸಿದ. ಎದ್ದರೆ ಮತ್ತೊಂದು ಬಿಲ. ಕೈಯಲ್ಲಿದ್ದ ಅದೇ ಬೋನು ಬಿದ್ದು ನಜ್ಜುಗುಜ್ಜಾಯಿತು.

“ಅಂತೂ ಬಾಣಂತನ ಚೆನ್ನಾಗಿಯೇ ಆಗಿದೆ!” ಎಂದು ನಕ್ಕಿತು ಬೋನು.