ಎರಡು ಗುರುತಿನ ದುಪ್ಪಟಿ

“ಮೇಷ್ಟ್ರೇ, ಗಣಿತದ ಒಂದು ಸಂಬಂಧ ಫಲನ, ಅಂದರೆ ಫಂಕ್ಷನ್, ಹೌದೋ ಅಲ್ಲವೋ ಎಂದು ಹೇಗೆ ಹೇಳುವುದು? ಎರಡರ ವರ್ಗವೂ ನಾಲ್ಕು, ಮೈನಸ್ ಎರಡರ ವರ್ಗವೂ ನಾಲ್ಕು. ಎರಡೂ ಹೋಗಿ ಒಂದೇ ಉತ್ತರದಲ್ಲಿ ಕೂತರೆ ಅದು ಫಲನ ಹೇಗಾದೀತು?” ಎಂದು ವಾರಿಜ ಕೇಳಿದಳು. ಅವಳು ಶಾಲೆಯಲ್ಲಿ ಗಣಿತ ಕಲಿಸಲು ಸೇರಿ ಆರು ತಿಂಗಳಾಗಿತ್ತು. “ಫಲನ ಎಂದು ಬರೆದವರಿಗೆಲ್ಲ ತಪ್ಪು ಹಾಕಿದ್ದೇನೆ. ಮಕ್ಕಳು ಒಪ್ಪುತ್ತಿಲ್ಲ.”

ಅವಳಿಗೆ ಗಣಿತ ಕಲಿಸಿದ ಕೊಟ್ರಯ್ಯ ಮೇಷ್ಟ್ರು ಕನ್ನಡಕ ತೆಗೆದಿಟ್ಟರು. “ಹಾಕಿಯೇಬಿಟ್ಟೆಯಾ? ಸರಿಹೋಯಿತು. ಕೂತುಕೋ. ತಿಳಿಯುವ ತನಕ ಏಳುವ ಹಾಗಿಲ್ಲ,” ಎಂದು ಒಂದು ಕಥೆ ಹೇಳತೊಡಗಿದರು.

ಒಬ್ಬ ಮಡಿವಾಳನಿದ್ದ. ಊರಿನ ಒಂದೊಂದು ಮನೆಗೂ ಒಂದೊಂದು ಗುರುತು. ಒಂದಕ್ಕೆ ಮೂರು ಚುಕ್ಕಿ, ಇನ್ನೊಂದಕ್ಕೆ ಅಡ್ಡಗೆರೆ. ಬಟ್ಟೆಯ ಅಂಚಿಗೆ ಗುರುತು ಹಾಕಿಯೇ ನೀರಿಗಿಳಿಸುವುದು ವಾಡಿಕೆ. ಅವನಿಗೆ ಕಣ್ಣು ಮಂಜಾಯಿತು, ಗುರುತು ಹಾಕುವುದು ಆಗಾಗ ತಪ್ಪತೊಡಗಿತು. ಕಸುಬು ತನಗೇ ಬೇಕೆಂದು ಮಗಳು ಹಟ ಹಿಡಿದಳು. “ಒಂದು ವಾರದ ಬಟ್ಟೆ ತಪ್ಪಿಲ್ಲದೆ ಮನೆ ಸೇರಿಸು, ಒಗೆಯುವ ಕಲ್ಲು ನಿನ್ನದು. ಇಲ್ಲವೋ, ನಿನ್ನ ಚಿಕ್ಕಪ್ಪನದು,” ಎಂದ ಅಪ್ಪ.

ಅವಳು ಗಂಟುಗಳನ್ನು ನೋಡಿದಳು. ಒಂದೇ ಮನೆಗೆ ಹತ್ತೊಂಬತ್ತು ಬಟ್ಟೆ. ಏನೋ ಎಡವಟ್ಟಾಗಿದೆ ಎಂದು ಅರ್ಧ ತೆಗೆದಿಟ್ಟಳು. ಒಂದು ದುಪ್ಪಟಿಗೆ ಮೂರು ಚುಕ್ಕಿಯೂ ಇತ್ತು, ಅಡ್ಡಗೆರೆಯೂ ಇತ್ತು. ಅದನ್ನು ಮಾತ್ರ ಯೋಚಿಸದೆ ಚುಕ್ಕಿಯ ಮನೆಗೆ ಕೊಟ್ಟಳು. ಸಂಜೆಗೆ ಎರಡು ಮನೆಯವರೂ ದುಪ್ಪಟಿಯ ಎರಡು ತುದಿ ಹಿಡಿದು ಜಗಳವಾಡುತ್ತ ಬಂದರು. ದೊಡ್ಡ ಗಂಟಿನವರು ಉಡಲು ಬಟ್ಟೆಯಿಲ್ಲವೆಂದು ಬೈದರು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಆದರೂ ಬಿಡಲಿಲ್ಲ, ಇನ್ನೊಂದು ವಾರ ಕೇಳಿಕೊಂಡಳು.

ಈ ಸಲ ಗಂಟಿನ ಗಾತ್ರದ ಕಡೆ ತಿರುಗಿಯೂ ನೋಡಲಿಲ್ಲ. ಒಂದೊಂದೇ ಬಟ್ಟೆ ಎತ್ತಿ, ನಿನ್ನ ಮನೆ ಯಾವುದು ಎಂದು ಕೇಳಿದಳು. ಒಂದೇ ಗುರುತಿದ್ದರೆ ಆ ಮನೆಯ ಗಂಟಿಗೆ ಹಾಕಿದಳು, ಗಂಟು ಎಷ್ಟು ದೊಡ್ಡದಾದರೂ ಆಗಲಿ. ಒಂದು ಪಂಚೆಗೆ ಎರಡು ಗುರುತಿತ್ತು, ಒಂದು ಟವೆಲಿಗೆ ಗುರುತೇ ಇರಲಿಲ್ಲ. ಎರಡನ್ನೂ ಅಪ್ಪನ ಮುಂದಿಟ್ಟು, “ವಿಚಾರಿಸಿ ಸರಿಮಾಡುವ ತನಕ ಇವನ್ನು ಯಾರಿಗೂ ಕೊಡುವುದಿಲ್ಲ,” ಎಂದಳು. ಅಪ್ಪ ಅವಳ ಕೈ ಹಿಡಿದು ಕಲ್ಲಿನ ಬಳಿಗೆ ಕರೆದೊಯ್ದ.

“ಹಾಗಾದರೆ ಸಂಖ್ಯೆಯೇ ಬಟ್ಟೆ, ಉತ್ತರವೇ ಮನೆ,” ಎಂದು ವಾರಿಜ ಮೆಲ್ಲಗೆ ಹೇಳಿ, ಚೀಲದಿಂದ ಮಕ್ಕಳ ಉತ್ತರಪತ್ರಿಕೆ ತೆಗೆದಳು.

‘ಫಲನ’ ಎಂಬ ಉತ್ತರಕ್ಕೆ ಅವಳು ಎಳೆದಿದ್ದ ಕೆಂಪು ಗೀಟಿನ ಮೇಲೆ ಮೇಷ್ಟ್ರು ಬೆರಳಿಟ್ಟರು.

“ಇದರಲ್ಲಿ ಎರಡು ಗುರುತಿನ ಬಟ್ಟೆ ಯಾವುದು, ತೋರಿಸಮ್ಮ.”