ಇಗರ್ಜಿಯ ಪೊರಕೆ

ಇಗರ್ಜಿಯ ಗಂಟೆಯ ಹಗ್ಗ ಅಟ್ಟದ ತೂತಿನಿಂದ ಕೆಳಗೆ ಇಳಿಬಿದ್ದಿತ್ತು. ಮೂಲೆಯಲ್ಲಿದ್ದ ಪೊರಕೆ ಅದನ್ನು ಕೇಳಿತು, "ಮೇಲೆ ಗಂಟೆ ಇದೆ ಅಂತೀಯಲ್ಲ, ನೋಡಿದ್ದೀಯಾ?"

"ಇಲ್ಲ. ನನ್ನ ಗಂಟು ಮೇಲಿದೆ, ಕಣ್ಣು ಕೆಳಗಿದೆ. ಎಳೆದಾಗ ಅದು ಓಗೊಡುತ್ತದೆ, ನನಗಷ್ಟು ಸಾಕು."

"ಆ ಸದ್ದು ಪಕ್ಕದ ಶಾಲೆಯದ್ದಿರಬಹುದು. ಅಟ್ಟದ ಆಚೆ ಏನೂ ಇಲ್ಲ, ಯಾರೂ ಇಲ್ಲ. ಸುಮ್ಮನೆ ಗಂಟು ಬಿಚ್ಚಿಕೊಂಡು ಕೆಳಗೆ ಬಾ."

"ಬಂದರೆ ನಿನ್ನ ಹಾಗೆ ಮೂಲೆ ಸೇರಬೇಕಾಗುತ್ತದೆ," ಎಂದಿತು ಹಗ್ಗ.

ಅಷ್ಟರಲ್ಲಿ ಗಂಟೆ ಹೊಡೆಯುವ ಪಾಸ್ಕು ಬಂದು, ಮಧ್ಯಾಹ್ನದ ಪ್ರಾರ್ಥನೆಗೆಂದು ಹಗ್ಗ ಎಳೆದ. ಅಟ್ಟದ ಬಾವಲಿಗಳು ಬೆಚ್ಚಿಬಿದ್ದವು. ತೂತಿನಿಂದ ಹಿಕ್ಕೆ ಉದುರಿ ನೆಲದ ತುಂಬ ಹರಡಿತು. ಪಾಸ್ಕು ಗೊಣಗುತ್ತ ಪೊರಕೆಯನ್ನು ಕೈಗೆತ್ತಿಕೊಂಡ.

ಹಗ್ಗ ಹೇಳಿತು, "ಹೋಗು, ಮೇಲೆ ಇಲ್ಲದವರು ಹಾಕಿದ್ದನ್ನು ಗುಡಿಸಿ ಬಾ."